ಹದಿನೆಂಟು ಹುಡುಗರು, ಒಂದೇ ನಂಬರು

"ಐದು ಚೆಂಡು ಕಳಿಸ್ತೀವಿ ಸರ್," ಅಂದ ಬೆಂಗಳೂರಿನವನು ಫೋನಿನಲ್ಲಿ. "ಒಂದು ಸೆಟ್ ಜೆರ್ಸಿನೂ ಕಳಿಸ್ತೀವಿ. ಹೋದ ವರ್ಷ ನಮ್ಮ ಹುಡುಗರು ಹಾಕಿದ್ದು, ಆದರೆ ಚೆನ್ನಾಗಿವೆ, ಏನೂ ಆಗಿಲ್ಲ."

ಮನೆಕೆಲಸದವಳಿಗೆ ಹಳೆ ಸೀರೆ ಕೊಡುವವರೂ ಇದಕ್ಕಿಂತ ನಾಚಿಕೊಂಡು ಮಾತಾಡುತ್ತಾರೆ. ಎದುರಿಗೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರೊಂದು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರೊಳಗಿನ ಕರಕಲು ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆದೆ.

ಚಳ್ಳಕೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಮಾತ್ರ ನಾನು ಫುಟ್‌ಬಾಲ್ ಕೋಚ್. ಶೇಂಗಾ ಮಿಲ್ಲಿನ ಹಿಂದಿನ ಬಯಲೇ ನಮ್ಮ ಮೈದಾನ. ನಾವು ಬರುವ ಮೊದಲು ಅಲ್ಲಿ ಕುರಿ, ನಾವು ಹೋದ ಮೇಲೂ ಕುರಿ. ಮೊದಲ ಅರ್ಧ ಗಂಟೆ ಹುಡುಗರು ಸಾಲಾಗಿ ಬಗ್ಗಿ ಕಲ್ಲು ಆರಿಸುತ್ತಾರೆ. ಆಮೇಲೆ ಆಟ. ಇಷ್ಟು ವರ್ಷ ಆರಿಸಿದರೂ ಕಲ್ಲು ಮುಗಿದಿಲ್ಲ. ನೆಲವೇ ಹಡೆಯುತ್ತದೋ ಏನೋ.

ಈ ಕಲ್ಲಿನ ಮೇಲೆ ಮೂರು ವರ್ಷ ಮಾರುತೇಶನನ್ನು ಆಡಿಸಿದ್ದೇನೆ. ಮೊಳಕಾಲ್ಮೂರಿನ ನೇಕಾರರ ಹುಡುಗ, ಹದಿನೈದು ವರ್ಷ, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾನೆ. ಅವನ ಎಡಗಾಲು ದೇವರು ಕೊಟ್ಟದ್ದು. ಬಲಗಾಲು ನಾನು ಕೊಟ್ಟದ್ದು. ಬೆಂಗಳೂರಿನವನು ಕೊಟ್ಟದ್ದು ಏನು? ಚಿತ್ರದುರ್ಗದ ಒಂದು ಮ್ಯಾಚಿನಲ್ಲಿ ನಲವತ್ತು ನಿಮಿಷ ನೆರಳಲ್ಲಿ ಕೂತು, ಎರಡು ಟೀ ಕುಡಿದು, ನೋಡಿಕೊಂಡು ಹೋದ. ಈಗ ಅವನ ಅಕಾಡೆಮಿಗೆ ಹುಡುಗ ಬೇಕು. ಭಾನುವಾರ ನಮಗೆ ಹಿರಿಯೂರಿನವರ ಮೇಲೆ ಜಿಲ್ಲಾ ಫೈನಲ್. ಹನ್ನೊಂದು ವರ್ಷದಲ್ಲಿ ಮೊದಲ ಫೈನಲ್. ಅವನಿಗೆ ಹುಡುಗ ಇವತ್ತೇ ಬೇಕು.

"ಐದು ಗಂಟೆಗೆ ನೋಂದಣಿ ಮುಚ್ಚುತ್ತೆ ಸರ್. ಇವತ್ತು ಆಗದಿದ್ರೆ ಸೀಟು ಬೇರೆಯವನಿಗೆ ಹೋಗುತ್ತೆ. ತಾಯಿ ಸಹಿ ಬಂದಿದೆ. ಒಟಿಪಿ ಕಳಿಸ್ತಿದೀನಿ, ಹೇಳಿಬಿಡಿ."

ಇದು ನಾನೇ ಮಾಡಿಕೊಂಡ ವ್ಯವಸ್ಥೆ. ಹುಡುಗ ಕ್ಲಬ್ ಬದಲಿಸುವಾಗ ಅವನ ಮೊಬೈಲಿಗೆ ಆರು ಅಂಕಿ ಬರುತ್ತವೆ. ಅವನ್ನು ಹೇಳಿದರೆ ಅವನು ಒಪ್ಪಿದ ಹಾಗೆ. ಆದರೆ ನಮ್ಮ ಹುಡುಗರ ಮನೆಗಳಲ್ಲಿ ಸಿಮ್ಮು ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಕುರಿ ಹಿಂದೆ ಹೋದ ಅಪ್ಪಂದಿರ ಫೋನು ವಾರಗಟ್ಟಲೆ ಸತ್ತಿರುತ್ತದೆ. ಹಾಗಾಗಿ ಹದಿನೆಂಟು ಹುಡುಗರ ಹೆಸರಿನ ಮುಂದೆಯೂ ನನ್ನ ನಂಬರನ್ನೇ ಹಾಕಿದ್ದೆ. ಉಪಕಾರ ಎಂದೇ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಫೋನು ಕಿಣಿಗುಟ್ಟಿತು. ಅಂಕಿಗಳು ಬಂದವು.

"ಮೂರು, ಎಂಟು, ಒಂದು, ಐದು, ಸೊನ್ನೆ," ಎಂದೆ. ಒಂದು ಉಸಿರು ನಿಂತೆ. "ಒಂಬತ್ತು."

"ತಪ್ಪು ಅಂತ ಬರ್ತಿದೆ ಸರ್."

"ನಿಮ್ಮ ಸರ್ವರ್ರು ಸರಿ ಇಲ್ಲ ಕಣ್ರೀ."

"ಇನ್ನೊಂದೇ ಸಲ ಕೊಡುತ್ತೆ. ಒಂದು ಗಂಟೆ ಬಿಟ್ಟು ಪ್ರಯತ್ನ ಮಾಡೋಣ. ನಾಲ್ಕೂವರೆಗೆ ಮಾಡ್ತೀನಿ."

ಫೋನು ಇಟ್ಟೆ.

ಹಿಂದೆ ಖಾಲಿ ಕ್ರೇಟಿನ ಮೇಲೆ ಸಂಗಮೇಶ ಕೂತಿದ್ದ. ಆ ಸುಟ್ಟ ಮೋಟಾರು ಅವನದೇ. ಪರಶುರಾಂಪುರದಿಂದ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಿದ್ದ. ನಾಲ್ಕು ವರ್ಷದ ಕೆಳಗೆ ಅವನೂ ನಮ್ಮ ಕ್ಲಬ್ಬಿನಲ್ಲಿದ್ದವನು, ಅವನೂ ಹೀಗೇ ದೊಡ್ಡ ಕ್ಲಬ್ಬಿಗೆ ಹೋದವನು. ಎಂಟು ತಿಂಗಳಿಗೆ ವಾಪಸ್ ಬಂದ, ಬಲ ಮೊಣಕಾಲು ಮುಗಿದಿತ್ತು. ಹುಡುಗರ ತಂದೆತಾಯಿ ಬಂದಾಗಲೆಲ್ಲ ನಾನು ಅವನ ಕಥೆ ಹೇಳುತ್ತೇನೆ. ಬೆಂಗಳೂರು ನಮ್ಮ ಸಂಗಮೇಶನನ್ನು ತಿಂದು ಉಗುಳಿತು ಎನ್ನುತ್ತೇನೆ. ಚೆನ್ನಾಗಿ ಹೇಳುತ್ತೇನೆ ಕೂಡ.

ಸಂಗಮೇಶ ಗೋಡೆ ನೋಡುತ್ತಿದ್ದ.

ನಾಲ್ಕು ಗಂಟೆಗೆ ಮಾರುತೇಶ ಬಂದ. ಜೊತೆಗೆ ಅವನ ತಾಯಿ ಸೂರಮ್ಮ. ಅವಳ ಕೈಯಲ್ಲಿ ಬಟ್ಟೆಯ ಚೀಲ, ಅವನ ಬೆನ್ನಿಗೆ ಬ್ಯಾಗು. ಹೊರಟೇ ಬಿಟ್ಟಿದ್ದರು. ಹೋಗುವುದು ಖಚಿತ ಎಂದು ಅವರಿಗೆ ಯಾರು ಹೇಳಿದ್ದು?

"ಬಸ್ಸೇನಣ್ಣಾ ಅದು, ಕುರಿ ಲಾರಿ," ಎನ್ನುತ್ತ ಸೂರಮ್ಮ ಮೆಟ್ಟಿಲ ಮೇಲೆ ಕುಸಿದಳು. "ಒಂದು ಕಾಲು ಇನ್ನೂ ಅದ್ರಾಗೇ ಐತೆ."

"ನಂಬರ್ ಬಂತಾ ಸಾರ್?" ಅಂದ ಮಾರುತೇಶ.

"ಸರ್ವರ್ ಕೆಟ್ಟೈತಂತೆ. ಇವತ್ತು ಆಗೋದು ಡೌಟು."

ಹುಡುಗನ ಮುಖ ಬಿಳುಚಿತು. ಸೂರಮ್ಮ ನನ್ನನ್ನೂ ಮಗನನ್ನೂ ನೋಡಿದಳು. "ಸರ್ವರ್ರು ಅಂದ್ರೆ ಯಾರಣ್ಣಾ? ಅವ್ರಿಗೆ ಹೇಳೋರು ಯಾರೂ ಇಲ್ವಾ?"

"ಆಗದಿದ್ರೆ ಒಳ್ಳೇದೇ ಆಯ್ತು ಅಂದ್ಕೊಳ್ಳಮ್ಮ. ಹದಿನೈದು ವರ್ಷದ ಹುಡುಗ. ಅಲ್ಲಿ ಇಂಥೋರು ಅರವತ್ತು ಜನ ಇರ್ತಾರೆ. ಬೆಂಚ್ ಮೇಲೆ ಕೂರಿಸ್ತಾರೆ, ಕಾಲು ಹೋದ್ರೆ ಬಸ್ಸು ಹತ್ತಿಸ್ತಾರೆ. ನನ್ನ ಮಾತು ಬ್ಯಾಡ. ಇಗೋ, ಹೋಗಿ ಬಂದೋನೇ ಕೂತವ್ನೆ. ಹೇಳೋ ಸಂಗಮೇಶ, ಬೆಂಗಳೂರು ನಿಂಗೇನು ಮಾಡ್ತು ಅಂತ ಹೇಳು."

ಸಂಗಮೇಶ ಪ್ಯಾಂಟಿನ ಬಲಗಾಲನ್ನು ಮೊಣಕಾಲಿನ ತನಕ ಮಡಚಿದ. ಹೊಲಿಗೆಯ ಗುರುತು ಜರಿಹುಳದಂತೆ ಕಂಡಿತು. ಒಳ್ಳೆಯದೇ ಆಯಿತು, ಹುಡುಗ ನೋಡಲಿ ಎಂದುಕೊಂಡೆ.

"ಅಲ್ಲಿಗೆ ಹೋದ ದಿನವೇ ಡಾಕ್ಟ್ರು ಕಾಲು ನೋಡಿದ್ರು," ಅಂದ ಸಂಗಮೇಶ. "ಈ ಕಾಲಲ್ಲಿ ಇತ್ತೀಚೆಗೆ ಆಡಿದೀಯಾ ಅಂತ ಕೇಳಿದ್ರು. ಮೂರು ಮ್ಯಾಚು ಅಂದೆ. ಯಾವನು ಆಡಿಸಿದ್ದು ಅಂದ್ರು."

"ಲೇ," ಎಂದೆ.

"ತೆಂಗಿನಕಾಯಿ ಗಾತ್ರ ಊದಿತ್ತು ಸಾರ್. ನೀವೇ ಬಟ್ಟೆ ಕಟ್ಟಿದ್ರಿ. ದಾವಣಗೆರೆ ಕಪ್ ಟೂರ್ನಿ, ಇನ್ನೊಂದೇ ಮ್ಯಾಚು ಕಣೋ, ಗಂಡಸಾಗು ಅಂದ್ರಿ. ನಾನು ಅಲ್ಲಿ ಬಾವಿ ಕಟ್ಟೆಯಿಂದ ಬಿದ್ದೆ ಅಂತ ಹೇಳಿದೆ. ನಿಮ್ಮ ಹೆಸರು ಹೇಳ್ಲಿಲ್ಲ. ಆಪರೇಷನ್ನು ಅವರೇ ಮಾಡಿಸಿದ್ರು. ಆರು ತಿಂಗಳು ಊಟ ಹಾಕಿದ್ರು. ಆಗಲ್ಲ ಅಂತ ಗೊತ್ತಾದ ಮೇಲೆ ಕಳಿಸಿದ್ರು. ಅವ್ರೇನು ದೇವರಲ್ಲ, ಆದ್ರೆ ಕಾಲು ಮುರಿದಿದ್ದು ಅವರಲ್ಲ."

ಸುಳ್ಳು ಎನ್ನಬೇಕೆಂದುಕೊಂಡೆ. ಈ ನಾಲ್ಕು ವರ್ಷ ಎಷ್ಟು ಮನೆಗಳಲ್ಲಿ ಎಷ್ಟು ಸಲ ಆ ಕಥೆ ಹೇಳಿದ್ದೆನೆಂದರೆ, ಕಟ್ಟಿದ ಬಟ್ಟೆ, ಊದಿದ ಕಾಲು ಎರಡೂ ಅದರಿಂದ ಉದುರಿಹೋಗಿದ್ದವು.

"ಇನ್ನೊಂದು," ಅಂದ ಸಂಗಮೇಶ, ಮಾರುತೇಶನ ಕಡೆ ತಿರುಗಿ. "ಸರ್ವರ್ರು ಕೆಟ್ಟಿಲ್ಲ. ನಂಬರ್ ಮೂರೂವರೆಗೇ ಬಂತು. ನಾನು ಹಿಂದೆ ಕೂತು ನೋಡ್ದೆ. ಕೊನೇದು ನಾಲ್ಕು ಇತ್ತು. ಇವರು ಒಂಬತ್ತು ಅಂದ್ರು."

ರಸ್ತೆಯಲ್ಲಿ ಈರುಳ್ಳಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಹೌದಾ ಸಾರ್?" ಅಂದ ಮಾರುತೇಶ.

ಆಗ ನಾನು ಕೂಗಿದೆ. ಕ್ಷಮೆ ಕೇಳಬಹುದಿತ್ತು, ಕೂಗಿದೆ. "ಹೌದು ಕಣಲೇ! ಏನೀಗ? ಮೂರು ವರ್ಷ ಬೆಳಗ್ಗೆ ನಿನ್ನನ್ನ ಎಬ್ಬಿಸಿದ್ದು ಯಾರು? ಬೂಟು ಹೊಲಿಸಿದ್ದು ಯಾರು? ಹಾಸ್ಟೆಲ್ ವಾರ್ಡನ್ ಕಾಲಿಗೆ ಬಿದ್ದಿದ್ದು ಯಾರು? ನಾವು ಬಿತ್ತಬೇಕು, ನೀರು ಹಾಯಿಸಬೇಕು, ತೆನೆ ಹಾಲುಗಟ್ಟೋ ಹೊತ್ತಿಗೆ ಅವರು ಬಂದು ಕೊಯ್ಕೊಂಡು ಹೋಗ್ಬೇಕು. ಇನ್ನು ಮೂರು ದಿನ ಇದ್ದು ಹೋದ್ರೆ ನಿನ್ನ ಗಂಟೇನು ಹೋಗ್ತಿತ್ತು? ಭಾನುವಾರ ಒಂದು ಮ್ಯಾಚು. ಒಂದೇ ಮ್ಯಾಚು!"

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಸಂಗಮೇಶ ಪ್ಯಾಂಟಿನ ಮಡಿಕೆಯನ್ನು ನಿಧಾನವಾಗಿ ಇಳಿಸಿಕೊಂಡ.

"ಭಾನುವಾರ ನಾನು ಆಡಲ್ಲ," ಅಂದ ಮಾರುತೇಶ. ಅವನ ದನಿ ಏರಲಿಲ್ಲ. "ನಂಬರ್ ಕೊಟ್ರೂ ಆಡಲ್ಲ, ಕೊಡದಿದ್ರೂ ಆಡಲ್ಲ. ಇನ್ಮೇಲೆ ನಿಮ್ಮ ಕಲ್ಲು ಆರಿಸಲ್ಲ."

ಸೂರಮ್ಮ ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳಿದ್ದವು.

"ನೋಡಣ್ಣಾ," ಅಂದಳು. "ಸೀರೆಗೆ ಅಂಚು ಬೇರೆ ಬಣ್ಣ ಬೇಕಂದ್ರೆ ಮಗ್ಗಕ್ಕೆ ಇಬ್ರು ಬೇಕು. ಈ ಕಡೆಯಿಂದ ನಾನು ಲಾಳಿ ಎಸೆದ್ರೆ ಆ ಕಡೆಯಿಂದ ಇವ್ನು ಎಸೀಬೇಕು. ಇವರಪ್ಪನ ಕಣ್ಣು ಮಂಜಾಗಿ ಎರಡು ವರ್ಷ ಆಯ್ತು. ರಜಾ ಬಂದ್ರೆ ಇವ್ನೇ ಆ ಕಡೆ ಕೂರ್ತಿದ್ದ, ಒಳ್ಳೇ ಸೀರೆ ಎಲ್ಲಾ ಇವ್ನು ಬಂದಾಗಲೇ ಇಳೀತಿದ್ವು. ಮೊನ್ನೆ ಆ ಕಡೆ ಕೂರೋ ಹಲಗೆ ಬಿಚ್ಚಿ ಅಟ್ಟಕ್ಕೆ ಹಾಕ್ದೆ. ಇನ್ನು ನನ್ನ ಕೈಲಿ ಒಂದೇ ಬಣ್ಣದ ಸೀರೆ. ಹೆತ್ತೋಳು ನಾನು, ನಾನೇ ಬಿಟ್ಟೆ. ನಿಂದು ಏನಣ್ಣಾ?"

ನನ್ನದು ಏನು ಎಂದು ಹೇಳಲು ಬಾಯಿ ತೆರೆದೆ. ಫೋನು ಹೊಡೆದುಕೊಂಡಿತು.

"ಸರ್, ಕೊನೇ ಸಲ. ಕಳಿಸಿದೀನಿ."

ಅಂಕಿಗಳು ಬಂದವು. ಮಾರುತೇಶ ಕೈ ಚಾಚಿದ. ನಾನು ಫೋನನ್ನು ಎದೆಗೆ ಒತ್ತಿ ಹಿಡಿದಿದ್ದೆ. ಆ ಕ್ಷಣದಲ್ಲೂ ಫೋನನ್ನು ನೆಲಕ್ಕೆ ಎಸೆಯಬಹುದು ಎಂಬ ಯೋಚನೆ ಬಂತು, ಆ ಯೋಚನೆ ಸಿಹಿಯಾಗಿತ್ತು. ಹುಡುಗ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನಾನು ಕೊಟ್ಟೆ ಎಂದು ಆಮೇಲೆ ಊರಲ್ಲೆಲ್ಲ ಹೇಳಿದ್ದೇನೆ. ಕೊಡಲಿಲ್ಲ. ಅವನು ಬಿಡಿಸಿಕೊಂಡ. ಬಿಗಿಯಾಗಿ ಹಿಡಿಯಲಿಲ್ಲ ಎಂಬುದಷ್ಟೇ ನನ್ನ ಒಳ್ಳೆಯತನ.

ಸ್ಪೀಕರ್ ಹಾಕಿ ಆರು ಅಂಕಿಯನ್ನೂ ಅವನೇ ಓದಿದ. ಒಂದೊಂದನ್ನೂ ಎರಡೆರಡು ಸಲ.

"ಆಯ್ತು!" ಅಂದ ಬೆಂಗಳೂರಿನವನು. "ವೆಲ್‌ಕಮ್ ಮಾರುತೇಶ್. ಫಾರಂನಲ್ಲಿ ಒಂದೇ ಒಂದು ಕಾಲಂ ಖಾಲಿ ಇದೆ. ನಿನಗೆ ಮೊದಲು ಕಲಿಸಿದ ಕೋಚ್ ಹೆಸರು?"

ಹುಡುಗ ನನ್ನನ್ನು ನೋಡಿದ. ಎಂದೂ ನನ್ನನ್ನು ಅಷ್ಟು ಹೊತ್ತು ನೋಡಿದವನಲ್ಲ, ಬೈಸಿಕೊಳ್ಳುವಾಗಲೂ ಬೂಟು ನೋಡುತ್ತಿದ್ದವನು.

"ಯಾರೂ ಇಲ್ಲ ಸರ್," ಅಂದ. "ನಾನೇ ಕಲಿತೆ."

"ಓಹ್, ಗ್ರೇಟ್. ನಾಳೆ ಸಿಗೋಣ."

ಫೋನನ್ನು ಮೋಟಾರಿನ ಪಕ್ಕದಲ್ಲಿಟ್ಟು, ತಾಯಿಯ ಕೈಯಿಂದ ಚೀಲ ತೆಗೆದುಕೊಂಡು ಮೆಟ್ಟಿಲಿಳಿದ. "ನಡಿಯವ್ವ, ಬಸ್ಸು ಹೋಗ್ತೈತೆ." ಸೂರಮ್ಮ ಒಂದು ಸಲ ತಿರುಗಿ ನೋಡಿದಳು. ಅವನು ನೋಡಲಿಲ್ಲ.

"ಬಲಗಾಲು!" ಎಂದೆ. ಸಂಗಮೇಶ ತಲೆ ಎತ್ತಿದ. "ಅವನ ಬಲಗಾಲು ಯಾರು ಕೊಟ್ಟಿದ್ದು? ಅದನ್ನೂ ತಾನೇ ಕಲಿತನಾ?"

ಫೋನೆತ್ತಿ ಬೆಂಗಳೂರಿನವನ ನಂಬರಿಗೆ ಮಾಡಿದೆ. ಮೂರು ಸಲ ಕಟ್ ಮಾಡಿದ. ನಾಲ್ಕನೇ ಸಲ ಎತ್ತಿಕೊಂಡ. "ಸರ್, ಇಲ್ಲಿ ಎಲ್ಲಾ ಮುಗೀತು, ಥ್ಯಾಂಕ್ಸ್," ಎನ್ನುತ್ತಿದ್ದಂತೆ ನಾನು ಬೀದಿಗೆ ಬಂದು ನಿಂತು ಅರಚಿದೆ: "ನಾಗಭೂಷಣ! ಬರ್ಕೊಳ್ರೀ, ನಾಗಭೂಷಣ, ಚಳ್ಳಕೆರೆ!"

"ಫಾರಂ ಸಬ್ಮಿಟ್ ಆಗಿದೆ ಸರ್, ಇನ್ನು ತಿದ್ದಕ್ಕಾಗಲ್ಲ."

ಎದುರಿನ ಗೊಬ್ಬರದಂಗಡಿಯವರು ಹೊರಗೆ ಬಂದು ನೋಡಿದರು. ಲೈನು ಕಡಿದ ಮೇಲೂ ನಾನು ನನ್ನ ಹೆಸರನ್ನು ಇನ್ನೆರಡು ಸಲ ಕೂಗಿದೆ.