ಬಲೂನು ವ್ರತ

ಚಾಮರಾಜಪೇಟೆಯ ಪರಮಶಿವಯ್ಯನವರ ಹೊಟ್ಟೆಯೊಳಗೆ ಒಂದು ಬಲೂನು ಇದೆ ಎಂಬ ಸಂಗತಿ ಐದು ತಿಂಗಳ ಕಾಲ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ಪರಮಶಿವಯ್ಯನವರು, ಇನ್ನೊಬ್ಬರು ಹೆಂಡತಿ ಮಹಾನಂದಮ್ಮ, ಮೂರನೆಯವರು ಅದನ್ನು ಬಾಯಿಯ ಮೂಲಕ ಒಳಗಿಳಿಸಿದ ಡಾಕ್ಟರ್ ತೇಜಶ್ರೀ.

ಬಲೂನಿಗೆ ಮುಂಚೆ ಪರಮಶಿವಯ್ಯನವರ ತೂಕ ನೂರಾ ಹದಿನೆಂಟು ಕೆಜಿ. ಚಿಕ್ಕಪೇಟೆಯಲ್ಲಿ ಅವರದು ತಾತನ ಕಾಲದ ರೇಷ್ಮೆ ಸೀರೆ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಏಳಬೇಕಾದಾಗ ಇಬ್ಬರು ಸೇಲ್ಸ್‌ಮನ್‌ಗಳು ಕೈಕೊಡಬೇಕಿತ್ತು. ಮದುವೆ ಜವಳಿಗೆ ಬಂದವರಿಗೆಲ್ಲ ಕಾಫಿ, ಬಾದಾಮಿ ಹಲ್ವ, ಖಾರ ಬೂಂದಿ ತರಿಸುವುದು ಆ ಅಂಗಡಿಯ ಪದ್ಧತಿ. ಗಿರಾಕಿಗಳಿಗೆ ಸಂಕೋಚವಾಗಬಾರದೆಂದು ಪರಮಶಿವಯ್ಯನವರೂ ಜೊತೆಗೆ ತಿನ್ನುತ್ತಿದ್ದರು. ದಿನಕ್ಕೆ ಹತ್ತು ಹನ್ನೆರಡು ಗುಂಪು ಗಿರಾಕಿಗಳು ಬರುತ್ತಿದ್ದರು.

ಅವರು ಹತ್ತಿದರೆ ಆಟೋ ಒಂದು ಕಡೆಗೆ ವಾಲುತ್ತದೆ, ಅವರು ಎದ್ದರೆ ಅಂಗಡಿಯಲ್ಲಿ ಬೆಳಕು ಬರುತ್ತದೆ ಎಂದೆಲ್ಲ ಸ್ನೇಹಿತರು ಆಡಿಕೊಳ್ಳುತ್ತಿದ್ದರು. ಪರಮಶಿವಯ್ಯನವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ. ಇದು ಮಹಾನಂದಮ್ಮನಿಗೆ ಗೊತ್ತಿತ್ತು.

ಕೊನೆಗೆ ಮಂಡಿ ಕೈಕೊಟ್ಟಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, “ಮಂಡಿ ಬದಲಾಯಿಸ್ಬೇಕು. ಆದ್ರೆ ಮೊದ್ಲು ಹದಿನೈದು ಕೆಜಿ ಇಳಿಸ್ಕೊಂಡು ಬನ್ನಿ,” ಎಂದುಬಿಟ್ಟರು. ಅವರೇ ತೇಜಶ್ರೀಯ ಹತ್ತಿರ ಕಳಿಸಿದ್ದು.

ತೇಜಶ್ರೀ ಮೇಜಿನ ಡ್ರಾಯರಿನಿಂದ ಒಂದು ಬಲೂನು ತೆಗೆದು ಅವರ ಕೈಗಿಟ್ಟಳು. “ಇದು ಸಿಲಿಕೋನ್‌ದು ಸರ್. ಖಾಲಿ ಇರೋವಾಗ ಬಾಯಿಂದ ಇಳಿಸ್ತೀವಿ. ಹೊಟ್ಟೆಗೆ ಹೋದ್ಮೇಲೆ ಅರ್ಧ ಲೀಟರ್ ಉಪ್ಪುನೀರು ತುಂಬಿಸ್ತೀವಿ. ಒಳಗೆ ಜಾಗ ಕಮ್ಮಿ ಆಗುತ್ತೆ, ನಾಲ್ಕು ತುತ್ತಿಗೇ ಸಾಕು ಅನ್ಸುತ್ತೆ. ಆರು ತಿಂಗಳಾದ್ಮೇಲೆ ತೆಗೆದುಬಿಡ್ತೀವಿ.”

“ಒಡೆದ್ರೆ?” ಎಂದರು ಮಹಾನಂದಮ್ಮ.

“ಒಡೆಯೋದು ಅಪರೂಪ. ಆದ್ರೂ ನೀರಿಗೆ ನೀಲಿ ಬಣ್ಣ ಬೆರೆಸಿರ್ತೀವಿ. ಸೋರಿದ್ರೆ ಮೂತ್ರ ನೀಲಿನೋ ಹಸಿರೋ ಆಗುತ್ತೆ. ಆಗ ಒಂದು ಗಂಟೆನೂ ಕಾಯ್ಬೇಡಿ, ಬಂದ್ಬಿಡಿ. ಖಾಲಿಯಾದ ಬಲೂನು ಕರುಳಿಗೆ ಜಾರಿ ಸಿಕ್ಕಾಕೊಂಡ್ರೆ ದೊಡ್ಡ ಆಪರೇಷನ್ ಆಗುತ್ತೆ.”

ಬಲೂನು ಇಳಿಯಿತು. ಮೊದಲ ನಾಲ್ಕು ದಿನ ಪರಮಶಿವಯ್ಯನವರು ಕುಡಿದ ಎಳನೀರನ್ನೂ ವಾಂತಿ ಮಾಡಿಕೊಂಡರು. ಐದನೆಯ ದಿನ ಮಹಾನಂದಮ್ಮ ಗಂಜಿ ತಂದಿಟ್ಟಾಗ “ಬೇಡ, ಸಾಕು” ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಆ ಮಾತನ್ನು ಕೇಳಿಯೇ ಇರದ ಮಹಾನಂದಮ್ಮ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದರು.

ಎರಡು ವಾರ ಕಳೆದ ಮೇಲೆ ಪರಮಶಿವಯ್ಯನವರು ಮತ್ತೆ ಲಾಲ್‌ಬಾಗಿಗೆ ವಾಕಿಂಗ್ ಹೋದರು. ಅಲ್ಲಿ ಅವರದೊಂದು ಗುಂಪಿತ್ತು. ಮೆಲ್ಲಗೆ ಒಂದು ಚಿಕ್ಕ ಸುತ್ತು ನಡೆಯುವುದು, ಆಮೇಲೆ ಬಸವನಗುಡಿಯ ಹೋಟೆಲಿನಲ್ಲಿ ಕೂತು ನಡೆದದ್ದಕ್ಕೆ ಎರಡರಷ್ಟು ತಿನ್ನುವುದು. ಗುಂಪಿನ ಮುಖಂಡ ಮಾಯಣ್ಣ, ಸೈಟು ಕೊಡಿಸುವ ವ್ಯವಹಾರದವರು, ಪರಮಶಿವಯ್ಯನವರ ಶಾಲೆಯ ಕಾಲದ ಗೆಳೆಯ. ಅವರಿಗೂ ಹೊಟ್ಟೆಯಿತ್ತು, ಸಕ್ಕರೆ ಕಾಯಿಲೆಯೂ ಇತ್ತು.

ಅವತ್ತು ಪರಮಶಿವಯ್ಯನವರು ಮಸಾಲೆ ದೋಸೆಯಲ್ಲಿ ನಾಲ್ಕು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು. ಮೇಜಿನ ಸುತ್ತ ಕೂತವರೆಲ್ಲ ಆ ತಟ್ಟೆಯನ್ನೇ ನೋಡಿದರು.

“ಯಾಕಯ್ಯಾ ಶಿವಯ್ಯ, ಹುಷಾರಿಲ್ವಾ?” ಎಂದರು ಮಾಯಣ್ಣ.

ನಿಜ ಹೇಳಬಹುದಿತ್ತು. ಆದರೆ ಬಲೂನು ಎಂಬ ಮಾತು ಬಾಯಿಗೆ ಬಂದೊಡನೆ ಮುಂದಿನ ಹತ್ತು ವರ್ಷಗಳ ತಮಾಷೆಗಳೆಲ್ಲ ಪರಮಶಿವಯ್ಯನವರಿಗೆ ಒಟ್ಟಿಗೇ ಕೇಳಿಸಿದವು. “ಒಂದು ವ್ರತ ಹಿಡಿದಿದೀನಿ,” ಎಂದುಬಿಟ್ಟರು.

“ಯಾವ ವ್ರತ?”

“ನಾಲ್ಕು ತುತ್ತಿನ ವ್ರತ. ನಾಲ್ಕಾಯ್ತೋ, ಕೈ ತೊಳ್ಕೊಳ್ಳೋದು.”

ಯಾರೂ ನಗಲಿಲ್ಲ. ವಾಲುವ ಆಟೋದ ಮಾತು ಯಾರೂ ಎತ್ತಲಿಲ್ಲ. ಮಾಯಣ್ಣ ತಮ್ಮ ಎರಡನೆಯ ವಡೆಯನ್ನು ನೋಡಿ, ಪರಮಶಿವಯ್ಯನವರನ್ನು ನೋಡಿ, ವಡೆಯನ್ನು ಮೆಲ್ಲಗೆ ಸಾಂಬಾರಿನಲ್ಲಿ ಬಿಟ್ಟು ಎದ್ದರು. ತಮ್ಮ ಮುಂದೆ ಒಬ್ಬ ಮನುಷ್ಯ ನಾಚಿಕೊಂಡು ವಡೆ ಬಿಟ್ಟದ್ದನ್ನು ಪರಮಶಿವಯ್ಯನವರು ಜೀವನದಲ್ಲಿ ಮೊದಲ ಸಲ ಕಂಡರು. ಅದು ಅವರಿಗೆ ಬಹಳ ಹಿತವಾಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಮಹಾನಂದಮ್ಮ ಸೊಪ್ಪು ಬಿಡಿಸುತ್ತಾ, “ನಾನಂತೂ ಸುಳ್ಳು ಹೇಳೋಳಲ್ಲ. ಯಾರಾದ್ರೂ ಕೇಳಿದ್ರೆ ‘ಎಲ್ಲಾ ಒಳಗಿನ ಶಕ್ತಿ’ ಅಂತೀನಿ. ಅದು ನಿಜಾನೇ ತಾನೇ?” ಎಂದರು.

ತೂಕ ಇಳಿಯಿತು. ಅಂಗಿಯ ಗುಂಡಿಗಳನ್ನು ಸಲೀಸಾಗಿ ಹಾಕುವಂತಾಯಿತು. ಪರಮಶಿವಯ್ಯನವರು ಗಾದಿಯಿಂದ ಒಬ್ಬರೇ ಏಳುವುದನ್ನು ನೋಡಲು ಪಕ್ಕದ ಅಂಗಡಿಯವರು ಬಂದರು. ಲಾಲ್‌ಬಾಗಿನ ಕಲ್ಲುಬೆಂಚಿನ ಸುತ್ತ ಜನ ಸೇರತೊಡಗಿದರು. ಪರಮಶಿವಯ್ಯನವರ ಬಾಯಿಂದ ಅವರಿಗೇ ಗೊತ್ತಿಲ್ಲದ ಮಾತುಗಳು ಬರತೊಡಗಿದವು.

“ಹಸಿವು ಅಂದ್ರೆ ಬಾಗಿಲು ಬಡಿಯೋ ಸೇಲ್ಸ್‌ಮನ್ ಇದ್ದಂಗೆ,” ಎನ್ನುತ್ತಿದ್ದರು. “ನೀವು ತೆಗೀಲಿಲ್ಲ ಅನ್ಕೊಳ್ಳಿ, ಪಕ್ಕದ ಮನೆಗೆ ಹೋಗ್ತಾನೆ.”

ಗುಂಪಿನ ಕಾರ್ಯದರ್ಶಿ ವೆಂಕಟಾಚಲ ಇದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ತಿಂಗಳೊಳಗೆ ‘ನಾಲ್ಕು ತುತ್ತು’ ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಹದಿನಾಲ್ಕು ಜನ ವ್ರತ ಹಿಡಿದರು. ಪ್ರತಿಯೊಬ್ಬರೂ ಊಟವಾದ ಮೇಲೆ ತಟ್ಟೆಯಲ್ಲಿ ಉಳಿದದ್ದರ ಫೋಟೋ ಹಾಕಬೇಕು. ಎಲ್ಲರಿಗಿಂತ ಮೊದಲು ಫೋಟೋ ಬರುತ್ತಿದ್ದುದು ಮಾಯಣ್ಣನವರದು. ದುಂಡಗಿನ ರಾಗಿಮುದ್ದೆ, ಅದರ ಅಂಚಿನಲ್ಲಿ ನಾಲ್ಕೇ ನಾಲ್ಕು ಚಿಕ್ಕ ಗುಳಿಗಳು.

ಆ ಫೋಟೋ ನೋಡಿದಾಗಲೆಲ್ಲ ಪರಮಶಿವಯ್ಯನವರಿಗೆ ಒಳಗೆ ಏನೋ ಚುಚ್ಚುತ್ತಿತ್ತು. ಆದರೆ ಕೆಳಗೆ ಜನ ಕೈಮುಗಿದ ಚಿಹ್ನೆಗಳನ್ನು ಹಾಕುತ್ತಿದ್ದರು. ಅವುಗಳನ್ನು ಎಣಿಸುವಷ್ಟರಲ್ಲಿ ಚುಚ್ಚಿದ್ದು ಮರೆಯುತ್ತಿತ್ತು.

ನಾಲ್ಕನೆಯ ತಿಂಗಳು ಮಾಯಣ್ಣನ ಹೆಂಡತಿ ತಿಮ್ಮಕ್ಕ ಸೀದಾ ಅಂಗಡಿಗೇ ಬಂದರು. ಸೀರೆ ತೋರಿಸಲು ಬಂದ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ಗಾದಿಯ ಎದುರು ಕೂತರು.

“ಅಣ್ಣಾ, ನಮ್ಮನೆಯವ್ರಿಗೆ ಏನು ಮಂತ್ರ ಹಾಕಿದ್ದೀರಿ? ಮುದ್ದೆ ಮುಂದೆ ಇಟ್ಕೊಂಡು ಕಣ್ಣಲ್ಲಿ ನೀರು ಹಾಕ್ತವ್ರೆ. ಮೊನ್ನೆ ತಲೆ ಸುತ್ತಿ ಗೇಟ್ ಹಿಡ್ಕೊಂಡು ಕೂತ್ಬಿಟ್ರು. ಡಾಕ್ಟ್ರತ್ರ ಹೋದ್ರೆ, ಇಷ್ಟು ಕಮ್ಮಿ ತಿಂದು ಅಷ್ಟೊಂದು ಶುಗರ್ ಮಾತ್ರೆ ನುಂಗ್ತೀರಲ್ಲಾ ಅಂತ ಬೈದು, ಮಾತ್ರೆ ಅರ್ಧ ಮಾಡಿದ್ರು.”

ಪರಮಶಿವಯ್ಯನವರು ಗಾದಿಯ ಮೇಲೆ ಮುಂದಕ್ಕೆ ಸರಿದರು. “ಬಿಟ್ಬಿಡು ಅಂತ ನಾನೇ ಹೇಳ್ತೀನಿ ತಿಮ್ಮಕ್ಕಾ.”

“ಹೇಳಿದ್ರೆ ಕೇಳ್ತಾರಾ? ‘ಶಿವಯ್ಯನ ಕೈಲಿ ಆಗೋದು ನನ್ನ ಕೈಲಿ ಆಗಲ್ವಾ’ ಅಂತವ್ರೆ.” ತಿಮ್ಮಕ್ಕ ಕಣ್ಣು ಕಿರಿದು ಮಾಡಿ ನೋಡಿದರು. “ನಿಮಗೆ ನಿಜವಾಗ್ಲೂ ಹಸಿವಾಗಲ್ವಾ ಅಣ್ಣಾ?”

“ಇಲ್ಲ,” ಎಂದರು ಪರಮಶಿವಯ್ಯನವರು. ಅದೊಂದು ಮಾತ್ರ ಅಪ್ಪಟ ಸತ್ಯವಾಗಿತ್ತು.

ಅವತ್ತು ಸಂಜೆಯೇ ಮಾಯಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಡಬೇಕೆಂದು ಕೂತರು. ಇವರು ಬಾಯಿ ತೆರೆಯುವ ಮೊದಲೇ ಮಾಯಣ್ಣ, “ಸ್ವಾಮೀ, ಮುಂದಿನ ತಿಂಗಳು ಛತ್ರ ಬುಕ್ ಮಾಡಿದೀವಿ. ನಿಮಗೆ ಸನ್ಮಾನ!” ಎಂದರು. ಐವತ್ತು ವರ್ಷಗಳಿಂದ ‘ಲೋ’ ಎಂದು ಕರೆದವನು ‘ಸ್ವಾಮೀ’ ಎಂದಿದ್ದ. ಪರಮಶಿವಯ್ಯನವರು, “ಅದೆಲ್ಲ ಯಾಕೆ, ಬೇಡ” ಎಂದರು, ಅಷ್ಟೇನೂ ಗಟ್ಟಿಯಾಗಿ ಅಲ್ಲ.

ಸನ್ಮಾನದ ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಛತ್ರ ತುಂಬಿತ್ತು. ಹಿಂದಿನ ಊಟದ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ವ್ರತದ ಹದಿನಾಲ್ಕು ಜನ ಮೂಗು ಬೇರೆ ಕಡೆ ತಿರುಗಿಸಿಕೊಂಡು ಕೂತಿದ್ದರು. ಪರಮಶಿವಯ್ಯನವರ ಹಣೆಗೆ ವಿಭೂತಿ, ಮೈಮೇಲೆ ಹೊಸದಾಗಿ ಹೊಲಿಸಿದ ಸಣ್ಣ ಅಳತೆಯ ಜುಬ್ಬ. ಅವರು ವೇದಿಕೆ ಹತ್ತುವ ಮುನ್ನ ಒಮ್ಮೆ ಶೌಚಾಲಯಕ್ಕೆ ಹೋದರು. ಪಕ್ಕದಲ್ಲೇ ಮಾಯಣ್ಣ ಬಂದು ನಿಂತರು.

ಪರಮಶಿವಯ್ಯನವರು ಕೆಳಗೆ ನೋಡಿದರು. ನೀಲಿ. ನವಿಲುಬಣ್ಣದ ಸೀರೆಗೆ ಹಾಕುವಂಥ ಅಚ್ಚ ನೀಲಿ.

ಮಾಯಣ್ಣನೂ ನೋಡಿದರು. “ಶಿವಯ್ಯಾ... ಇದೇನೋ ಇದು!”

ಪರಮಶಿವಯ್ಯನವರು ಅವಸರದಿಂದ ನೀರು ಬಿಟ್ಟರು. ಮಾಯಣ್ಣನ ಕಣ್ಣು ತುಂಬಿಬಂತು. “ಹೇಳ್ಬೇಡ. ನಂಗೆ ಗೊತ್ತಾಯ್ತು. ನೀಲಕಂಠನ ಗುರುತು!” ಎಂದು ಕೈಮುಗಿಯಲು ಹೋಗಿ, ಕೈ ತೊಳೆದಿಲ್ಲವೆಂದು ನೆನಪಾಗಿ, ನಲ್ಲಿ ತಿರುಗಿಸಿ ತೊಳೆದುಕೊಂಡು, ಆಮೇಲೆ ಮುಗಿದು ಹೊರಗೆ ಓಡಿದರು.

ಪರಮಶಿವಯ್ಯನವರು ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಿವಿಯಲ್ಲಿ “ನೀಲಿ” ಎಂದರು. ಮಹಾನಂದಮ್ಮ ಆಗಲೇ ಫೋನ್ ತೆಗೆದಿದ್ದರು. ತೇಜಶ್ರೀ, “ಏನೂ ತಿನ್ಬೇಡಿ, ನೀರೂ ಬೇಡ, ಈಗ್ಲೇ ಹೊರಡಿ. ನಾನು ಆಸ್ಪತ್ರೆಗೆ ಬರ್ತಿದೀನಿ,” ಎಂದಳು.

“ನಡೀರಿ,” ಎಂದರು ಮಹಾನಂದಮ್ಮ.

“ಹೆಂಗೆ ನಡೀಲೇ? ಅಲ್ಲಿ ಶಾಲು ಹಿಡ್ಕೊಂಡು ನಿಂತಿದಾರೆ.”

ಅಷ್ಟರಲ್ಲಿ ಮಾಯಣ್ಣ ಮೈಕು ಹಿಡಿದಿದ್ದರು. “ಬಂಧುಗಳೇ! ಈಗ ತಾನೇ ಒಂದು ಪವಾಡವನ್ನ ಈ ಕಣ್ಣಿಂದ ಕಂಡೆ! ಎಲ್ಲಿ ಅಂತ ಕೇಳ್ಬೇಡಿ. ನೀಲಿ! ನಮ್ಮ ಶಿವಯ್ಯನ ದೇಹದಿಂದ ನೀಲಿ ಹೊರಡ್ತಿದೆ! ಇವತ್ತಿಂದ ನಾನು ಎರಡೇ ತುತ್ತು!”

ಚಪ್ಪಾಳೆಗೆ ಛತ್ರ ನಡುಗಿತು. ಇಬ್ಬರು ಮುದುಕಿಯರು ಎದ್ದು ಪರಮಶಿವಯ್ಯನವರ ಕಾಲು ಮುಟ್ಟಲು ಬಂದರು. ಹದಿನಾಲ್ಕು ಜನರಲ್ಲಿ ಐದಾರು ಮಂದಿ “ನಾನೂ ಎರಡು!” ಎಂದು ಕೈಯೆತ್ತಿದರು. ಗೇಟು ಹಿಡಿದು ಕೂತ ಮಾಯಣ್ಣ ಪರಮಶಿವಯ್ಯನವರ ಕಣ್ಣಮುಂದೆ ಬಂದರು. ಎರಡು ತುತ್ತಿಗಿಳಿದರೆ ಗೇಟಿನ ತನಕವೂ ಹೋಗಲಾರರು. ಪರಮಶಿವಯ್ಯನವರು ಮಂಡಿನೋವನ್ನೂ ಮರೆತು ದಡದಡ ಮೆಟ್ಟಿಲು ಹತ್ತಿ ಮೈಕು ಕಿತ್ತುಕೊಂಡರು.

“ಪವಾಡನೂ ಇಲ್ಲ, ಗಿವಾಡನೂ ಇಲ್ಲ. ನನ್ನ ಹೊಟ್ಟೇಲಿ ಬಲೂನಿದೆ!”

ಕಾಲು ಮುಟ್ಟಲು ಬಂದಿದ್ದ ಮುದುಕಿಯರು ಎರಡು ಹೆಜ್ಜೆ ಹಿಂದೆ ಸರಿದರು.

“ಡಾಕ್ಟ್ರು ಇಟ್ಟಿರೋದು. ಐದು ತಿಂಗಳಾಯ್ತು. ಅದು ಇವತ್ತು ಸೋರ್ತಿದೆ, ನೀಲಿ ಅದರ ಬಣ್ಣ. ನಾನೀಗ ಆಸ್ಪತ್ರೆಗೆ ಓಡ್ಬೇಕು. ವ್ರತ ಅಂತ ಹೇಳಿದ್ದು ಸುಳ್ಳು. ನೀವು ನಗ್ತೀರಿ ಅಂತ ಹೇಳ್ದೆ. ನಂಗೆ ಹಸಿವೇ ಆಗ್ತಿರ್ಲಿಲ್ಲ ಕಣ್ರಪ್ಪಾ, ಬಿಡೋಕೆ ನನ್ನ ಹತ್ರ ಏನಿತ್ತು? ಮಾಯಣ್ಣ ಒಂಬತ್ತು ಕೆಜಿ ಇಳಿದಿದಾನೆ. ಅವನ ಹೊಟ್ಟೇಲಿ ಯಾವ ಬಲೂನೂ ಇಲ್ಲ. ಹಸ್ಕೊಂಡು ಇಳಿದಿದಾನೆ. ಶಾಲು ಅವನಿಗೆ ಹಾಕಿ. ಎಲ್ರೂ ಹೋಗಿ ಹೊಟ್ಟೆ ತುಂಬ ಉಣ್ಣಿ.”

ಮೊದಲು ನಕ್ಕವರು ತಿಮ್ಮಕ್ಕ. ಸೆರಗು ಬಾಯಿಗೊತ್ತಿಕೊಂಡು ಶುರುವಾದದ್ದು ಕುರ್ಚಿ ಅಲುಗುವಷ್ಟಾಯಿತು. ಆಮೇಲೆ ಒಂದೊಂದೇ ಸಾಲು ನಗತೊಡಗಿತು. ಐದು ತಿಂಗಳ ಕಾಲ ತಪ್ಪಿಸಿಕೊಂಡಿದ್ದ ನಗು ಅದು. ಆದರೆ ಪರಮಶಿವಯ್ಯನವರಿಗೆ ಹೆದರಿದಷ್ಟು ಉರಿಯಲಿಲ್ಲ. ಮಾಯಣ್ಣನ ಮುಖ ಮಾತ್ರ ಕೆಂಪಾಗಿತ್ತು.

“ನಾಲ್ಕು ತಿಂಗಳು ಮುದ್ದೆ ಬಿಟ್ಟೆನಲ್ಲೋ ಪಾಪಿ!” ಎಂದು ಅವರು ಮುಂದೆ ನುಗ್ಗಿದರು. ಅಷ್ಟರಲ್ಲಿ ವೆಂಕಟಾಚಲ, ಪರಮಶಿವಯ್ಯನವರು ಹೇಳಿದಂತೆ, ಸನ್ಮಾನವನ್ನು ಮಾಯಣ್ಣನಿಗೇ ಮಾಡಿಬಿಟ್ಟಿದ್ದ. ಕೊರಳಿಗೆ ಹಾರ, ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ. ಅಷ್ಟನ್ನೂ ಹೊತ್ತುಕೊಂಡು ಯಾರನ್ನಾದರೂ ಹೊಡೆಯುವುದು ಹೇಗೆಂದು ಮಾಯಣ್ಣನಿಗೆ ತಿಳಿಯಲಿಲ್ಲ. ಅವರಿಗೆ ತಿಳಿಯುವುದರೊಳಗೆ ಮಹಾನಂದಮ್ಮ ಗಂಡನನ್ನು ಆಟೋ ಹತ್ತಿಸಿದ್ದರು.

ಆಸ್ಪತ್ರೆಯಲ್ಲಿ ನೋಡಿದಾಗ ಬಲೂನು ಕರುಳಿಗೆ ಜಾರದೆ ಇನ್ನೂ ಹೊಟ್ಟೆಯಲ್ಲೇ ಇತ್ತು. ತೇಜಶ್ರೀ ತೆಗೆದು ತಟ್ಟೆಯಲ್ಲಿಟ್ಟು ತೋರಿಸಿದಳು. ತೂಕ ಹದಿನೇಳು ಕೆಜಿ ಇಳಿದಿತ್ತು. “ಮಂಡಿಗೆ ಇಷ್ಟು ಸಾಕು ಸರ್. ಆದ್ರೆ ಇನ್ಮೇಲೆ ನಿಜವಾದ ಕೆಲಸ. ಬಲೂನು ಹೋದ್ಮೇಲೆ ಎಷ್ಟೋ ಜನ ಮತ್ತೆ ದಪ್ಪ ಆಗ್ತಾರೆ,” ಎಂದಳು.

ಮಾಯಣ್ಣ ಎಂಟು ದಿನ ಲಾಲ್‌ಬಾಗಿಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಪರಮಶಿವಯ್ಯನವರು ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತು ಎದ್ದು ಬರುತ್ತಿದ್ದರು. ಈ ನಡುವೆ ಹಸಿವು ಹಿಂತಿರುಗಿತ್ತು. ಮೊದಲು ಮೆಲ್ಲಗೆ, ಆಮೇಲೆ ಪೂರ್ತಿ ದರ್ಬಾರಿನೊಂದಿಗೆ.

ಒಂಬತ್ತನೆಯ ಬೆಳಿಗ್ಗೆ ಅವರು ಮೂರನೆಯ ಅಕ್ಕಿರೊಟ್ಟಿಗೆ ಕೈಹಾಕಿದಾಗ ಬಾಗಿಲಲ್ಲಿ ಮಾಯಣ್ಣ ನಿಂತಿದ್ದರು. ನೇರ ಬಂದು ಎದುರು ಕೂತು ರೊಟ್ಟಿಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

“ಎರಡಕ್ಕೆ ನಿಲ್ಸು.”

“ಲೋ, ಹೊಟ್ಟೆ ಉರೀತಿದೆ ಕಣೋ.”

“ಉರೀಲಿ. ನಂಗೂ ಉರೀತಿತ್ತು.” ಮಾಯಣ್ಣ ಜೇಬಿನಿಂದ ರಕ್ತಪರೀಕ್ಷೆಯ ಚೀಟಿ ತೆಗೆದು ಮೇಜಿನ ಮೇಲೆ ಕುಕ್ಕಿದರು. “ನೋಡಿಲ್ಲಿ. ಶುಗರ್ ಹನ್ನೆರಡು ವರ್ಷದಲ್ಲಿ ಇಷ್ಟು ಕಮ್ಮಿ ಇರ್ಲಿಲ್ಲ. ಅದಕ್ಕೇ ನಿನ್ನ ಕೊಲ್ಲೋಕೆ ಬಂದೋನು ಸುಮ್ಮನೆ ಕೂತಿದೀನಿ.”

ಪರಮಶಿವಯ್ಯನವರು ರೊಟ್ಟಿ ನೋಡಿದರು, ಚೀಟಿ ನೋಡಿದರು. “ದಿನಾ ಹಿಂಗೇ ಇರ್ತಿತ್ತಾ ನಿಂಗೆ?”

“ಇದಕ್ಕಿಂತ ಜೋರು. ಮೇಲಿಂದ ನಿನ್ನ ಭಾಷಣ ಬೇರೆ ಕೇಳ್ಬೇಕಿತ್ತು.”

ಪರಮಶಿವಯ್ಯನವರು ತಲೆ ತಗ್ಗಿಸಿದರು. “ತಪ್ಪಾಯ್ತು ಕಣೋ ಮಾಯಣ್ಣ.”

ಮಾಯಣ್ಣ ಮೂರನೆಯ ರೊಟ್ಟಿಯನ್ನು ಎರಡು ಭಾಗ ಮಾಡಿ, ಅರ್ಧವನ್ನು ಗೆಳೆಯನ ತಟ್ಟೆಗೆ ಹಾಕಿ, ಉಳಿದರ್ಧವನ್ನು ಚಟ್ನಿಗೆ ಅದ್ದಿ ತಾವೇ ತಿನ್ನತೊಡಗಿದರು. ಮಹಾನಂದಮ್ಮ ಒಳಗಿನಿಂದ ಇನ್ನೊಂದು ತಟ್ಟೆ ತಂದರು. ಅದರಲ್ಲಿ ಸೌತೆಕಾಯಿ ಹೋಳುಗಳಿದ್ದವು. ಇಬ್ಬರು ಗೆಳೆಯರೂ ಅದನ್ನು ಒಂದೇ ಥರದ ದುಃಖದಿಂದ ನೋಡಿದರು.