ಕಣ್ಣಿನ ಕೆಲಸ

ನಿಡುಗಲ್ಲಿನ ಗಂಗಯ್ಯ ನಮ್ಮ ಮನೆ ಹುಡುಕಿಕೊಂಡು ಬಂದಾಗ ಪಾಲಾಕ್ಷ ಸತ್ತು ಎಂಟು ತಿಂಗಳಾಗಿತ್ತು. ಅವರಿಗೆ ಅದು ಗೊತ್ತಿರಲಿಲ್ಲ.

ಆಷಾಢದ ಗಾಳಿ. ಪಾವಗಡದ ಬಸ್ಸಿನಲ್ಲಿ ಬಂದು ಮಧುಗಿರಿಯಲ್ಲಿ ಇಳಿದು ನಮ್ಮ ಬೀದಿಗೆ ಬರುವಷ್ಟರಲ್ಲಿ ಅವರ ಹುಬ್ಬಿನ ತುಂಬ ಧೂಳು. ಎಪ್ಪತ್ತು ದಾಟಿದವರು. ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

"ಫೋಟೋ ಪಾಲಾಕ್ಷಪ್ಪ ಅವ್ರಾ?"

ಅತ್ತೆ ಕದರಮ್ಮ ಒಳಗಿನಿಂದಲೇ, "ಇಲ್ಲ ಕಣಪ್ಪ, ಹೋಗ್ಬುಟ್ಟ," ಅಂದರು.

"ಯಾವೂರ್ಗೆ? ಸಂಜಿಕ್ ಬತ್ತಾರಾ?"

ನಾನು ಹೊರಗೆ ಬಂದು, "ತೀರಿಕೊಂಡರು. ನಾನು ಅವರ ಹೆಂಡತಿ," ಅಂದೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳುವುದು ರೂಢಿಯಾಗಿದೆ.

ಗಂಗಯ್ಯ ಎದ್ದು ನಿಂತರು. ಮತ್ತೆ ಕೂತರು. "ದೇವುಡಾ," ಅಂದರು. "ಆ ಹುಡುಗ ನಮ್ಮನ್ಯಾಗೆ ಮಜ್ಜಿಗೆ ಕುಡ್ದಿದ್ದ. ಹೆಸ್ರೇನಪ್ಪ ಅಂದ್ರೆ ಪಾಲಾಕ್ಷ ಅಂದ. ಮೂರು ಕಣ್ಣಿನೋನು ಬುಡು, ಎರಡು ನಿಂದು, ಒಂದು ಕ್ಯಾಮರಾದು ಅಂತ ನಗಾಡಿದ್ದೆ. ಹೆಂಡ್ತಿ ಹೆಣ ಮುಂದಿಟ್ಕೊಂಡು ನಗಾಡಿದ್ದೆ ಪಾಪಾ."

ಆಮೇಲೆ ಬಂದ ಕೆಲಸ ಹೇಳಿದರು. ಅವರ ಹೆಂಡತಿ ರಾಮಾಂಜಿನಮ್ಮ ತೀರಿಕೊಂಡು ನಾಳಿದ್ದಿಗೆ ವರ್ಷ. ಎಡೆ ಇಡಬೇಕು. ಎಡೆಯ ಹಿಂದೆ ಇಡಲು ಫೋಟೋ ಬೇಕು.

"ಕುರ್ಚಿ ಮ್ಯಾಲೆ ಕೂರ್ಸಿ, ಹಾರ ಹಾಕ್ಸಿ ತೆಗ್ದಿದ್ದ. ಕಣ್ಣು ಬುಡಿಸಿ ಕೊಡ್ತೀನಿ ತಾತ ಅಂದಿದ್ದ. ಆಗ ಬಂದು ಇಸ್ಕೊಂಡು ಹೋಗಾಕೆ ನಂಗೇ ಧೈರ್ಯ ಬರ್ಲಿಲ್ಲ. ಮನ್ಯಾಗೆ ಅವಳ್ದು ಬ್ಯಾರೆ ಒಂದ್ ಫೋಟೋನೂ ಇಲ್ಲ. ಕಣ್ಣು ಬುಟ್ಟಿರೋ ಅವಳ್ನ ಒಂದ್ಸಲ ನೋಡ್ಬೇಕು, ಅಷ್ಟೇಯ."

"ಆಧಾರ್ ಕಾರ್ಡಿನಲ್ಲಿ ಇರುತ್ತಲ್ಲ?"

"ಅದ್ರಾಗೆ ಕರೀ ಬೆಕ್ಕಿನಂಗವ್ಳೆ. ಅದ್ನ ಇಟ್ರೆ ಎಡೆ ತಾವ ಅವ್ಳೇ ಬರಾಕಿಲ್ಲ, ಹೆದ್ರಿಕೊಂಡು."

ಹುಡುಕುತ್ತೇನೆ ಎಂದು ಹೇಳಿ, ಕುಡಿಯಲು ನೀರು ಕೊಟ್ಟು ಒಳಗೆ ಬಂದೆ.

ಮದುವೆಯಾದ ಮೇಲೆ ಪಾಲಾಕ್ಷ ಬದುಕಿದ್ದು ಹದಿನಾಲ್ಕು ತಿಂಗಳು. ಆಗ ನಾನು ತುಮಕೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದೆ. ಅವನ ಕೆಲಸ ನನಗೆ ಗೊತ್ತಿದ್ದದ್ದು ಅವನ ಬೀರುವಿನಿಂದ. ಮೇಲಿನ ಖಾನೆಯಲ್ಲಿ ಕ್ಯಾಮರಾ ಮತ್ತು ಎರಡು ಲೆನ್ಸು. ಅದರ ಕೆಳಗೆ ಫ್ಲ್ಯಾಶು, ಬ್ಯಾಟರಿ. ಚಾರ್ಜ್ ತುಂಬಿದ ಬ್ಯಾಟರಿ ಮುಖ ಮೇಲೆ, ಖಾಲಿಯಾದದ್ದು ಮುಖ ಕೆಳಗೆ. ವೈರುಗಳು ಹಳೆಯ ಕಾಲುಚೀಲಗಳಲ್ಲಿ, ಒಂದು ಚೀಲಕ್ಕೆ ಒಂದು. ಮೆಮೊರಿ ಕಾರ್ಡುಗಳು ಅತ್ತೆಯ ಹಳೆಯ ಒಗ್ಗರಣೆ ಡಬ್ಬಿಯಲ್ಲಿ: ಸಾಸಿವೆ ಬಟ್ಟಲಲ್ಲಿ ಮದುವೆ, ಜೀರಿಗೆ ಬಟ್ಟಲಲ್ಲಿ ನಾಮಕರಣ, ಮೆಂತ್ಯದ ಬಟ್ಟಲಲ್ಲಿ ಗೃಹಪ್ರವೇಶ. ಪ್ರತಿ ಖಾನೆಯಲ್ಲೂ ತೇವ ಹೀರುವ ನೀಲಿ ಹರಳಿನ ಪೊಟ್ಟಣ. ಹರಳು ತೇವ ಹೀರಿ ಗುಲಾಬಿಯಾದರೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತಿದ್ದ. "ಕಳ್ಳೇಬೀಜ ಹುರಿಯೋ ಬಾಣ್ಲೆ ಕಣ್ಲಾ ಅದು," ಎಂದು ಅತ್ತೆ ಬೈಯುತ್ತಿದ್ದರು.

ಕೊರಟಗೆರೆಯ ಒಂದು ಛತ್ರದಲ್ಲಿ, ಮದುವೆ ಮುಗಿದ ಮೇಲೆ, ಲೈಟ್ ಸ್ಟ್ಯಾಂಡ್ ಮಡಚುತ್ತಾ ಕುಸಿದು ಬಿದ್ದ. ಮೂವತ್ತೆರಡು ವರ್ಷ. ಹೃದಯ ಅಂದರು. ಜೊತೆಗೆ ಕೆಲಸ ಮಾಡುತ್ತಿದ್ದ ಶಿರಾದ ಉಮರ್ ಸಾಮಾನೆಲ್ಲ ತಂದು ಬೀರುವಿನಲ್ಲಿ ಜೋಡಿಸಿ ಹೋದ. ನಾನು ತೆರೆದಿರಲಿಲ್ಲ.

ಬೀರುವಿಗೆ ಸೇರದ ಇನ್ನೊಂದು ಕ್ಯಾಮರಾ ಇತ್ತು. ಹಿತ್ತಲಲ್ಲಿ, ಬಚ್ಚಲಿನ ಪಕ್ಕ ಸೌದೆ ಒಟ್ಟುವ ಕಡೆ, ತಗಡಿನ ಟ್ರಂಕಿನೊಳಗೆ. ಅದು "ಕಣ್ಣಿನ ಕೆಲಸ"ದ ಕ್ಯಾಮರಾ. ಆ ಕೆಲಸಕ್ಕೆ ಹೋದ ದಿನ ಪಾಲಾಕ್ಷ ಹಿತ್ತಲಿನಿಂದಲೇ ಬಂದು, ಕ್ಯಾಮರಾ ಟ್ರಂಕಿನಲ್ಲಿಟ್ಟು, ಸ್ನಾನ ಮಾಡಿದ ಮೇಲೆ ಒಳಗೆ ಬರಬೇಕಿತ್ತು. ಅತ್ತೆಯ ಕಟ್ಟಳೆ. ನಾನು ಅದನ್ನು ಕಣ್ಣಿನ ಶಿಬಿರಗಳ ಫೋಟೋ ಅಂದುಕೊಂಡಿದ್ದೆ. ಕಣ್ಣುಬೇನೆ ಮನೆಗೆ ಅಂಟೀತೆಂದು ಅತ್ತೆಗೆ ಭಯ ಅಂದುಕೊಂಡಿದ್ದೆ. ಒಮ್ಮೆ ತುಮಕೂರಿನಿಂದ ಅವನಿಗೆ ಕಣ್ಣಿಗೆ ಹಾಕುವ ಡ್ರಾಪ್ಸ್ ತಂದುಕೊಟ್ಟೆ. ಅವನು ಹಾಕಿಕೊಂಡ.

ಅಡುಗೆಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

"ಕಣ್ಣಿನ ಕೆಲಸ ಅಂದರೆ ಹೆಣದ ಫೋಟೋನಾ ಅತ್ತೆ?"

"ಇನ್ನೇನಂದ್ಕೊಂಡಿದ್ದೆ? ಸತ್ತೋರ ಫೋಟೋ ತೆಗ್ದು, ಮುಚ್ಚಿದ್ ಕಣ್ಣ ಕಂಪ್ಯೂಟ್ರಾಗೆ ಬುಡಿಸಿ ಕೊಡಾದು. ಹೊಸಾ ಮದುವೆ ಮನೆ, ಹೆಣ ಅನ್ನೋ ಮಾತು ಸೊಸೆ ಕಿವಿಗೆ ಬೀಳ್ಬಾರ್ದು, ಬ್ಯಾರೆ ಹೆಸ್ರಿಟ್ಕೋ ಅಂತ ನಾನೇ ಆಣೆ ಹಾಕ್ಸಿದ್ದೆ." ಒಂದು ಕಡ್ಡಿ ಮುರಿದು ಪಕ್ಕಕ್ಕಿಟ್ಟರು. "ಎಮ್ಮೆ ಓದ್ದೋಳು. ಅಷ್ಟೂ ತಿಳೀಲಿಲ್ವೇನೆ?"

"ಎಂ.ಎ., ಅತ್ತೆ."

"ಅದೇ ಕಣೆ ನಾನೂ ಅಂದಿದ್ದು."

ಟ್ರಂಕಿಗೆ ಬೀಗ ಇರಲಿಲ್ಲ. ಬಚ್ಚಲ ಒಲೆಯ ಹೊಗೆ, ಹಂಡೆಯ ಆವಿ ಎಲ್ಲ ಅದರೊಳಗೆ ಹೋಗಿತ್ತು. ಹರಳಿನ ಪೊಟ್ಟಣ ಪೂರ್ತಿ ಗುಲಾಬಿ. ಲೆನ್ಸಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಒಳಗೆ ಬೂಷ್ಟು, ಬಿಳಿಯ ಬೇರುಗಳ ಹಾಗೆ ಹರಡಿಕೊಂಡಿತ್ತು. ಕಾರ್ಡುಗಳು ತಿಂಡಿ ಡಬ್ಬಿಯಲ್ಲಿದ್ದವು. ಒಂದೊಂದಕ್ಕೂ ಕಾಗದದ ಲಕೋಟೆ, ಮೇಲೆ ತಾಲ್ಲೂಕಿನ ಅಕ್ಷರ, ಊರು, ಹೆಸರು. ಮ, ಶಿ, ಕೊ, ಪಾ. ಅವನ ದುಂಡಗಿನ ಅಕ್ಷರ. ಐವತ್ತಕ್ಕೂ ಹೆಚ್ಚು.

"ಪಾ. ನಿಡುಗಲ್. ರಾಮಾಂಜಿನಮ್ಮ. ಕಣ್ಣು ಬಾಕಿ."

ಕಾರ್ಡು ತೆಗೆದುಕೊಂಡು, ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯನ್ನು ನೋಡಿದೆ. ಅವರು ಒಂದು ಚೊಂಬು ನೀರು ತಂದು ನನ್ನ ಕೈ ಮೇಲೆ ಹುಯ್ದರು, ಕಾರ್ಡಿಗೆ ತಾಗದ ಹಾಗೆ. "ತಗೊಂಡೋಗು ಒಳೀಕೆ," ಅಂದರು.

ಕಾರ್ಡು ಕೆಟ್ಟಿರಲಿಲ್ಲ. ಪಾಲಾಕ್ಷನ ಕಂಪ್ಯೂಟರಿನ ಪರದೆಯ ಮೇಲೆ ರಾಮಾಂಜಿನಮ್ಮ ಬಂದರು. ಪ್ಲಾಸ್ಟಿಕ್ ಕುರ್ಚಿ, ಚೆಂಡುಹೂವಿನ ಹಾರ, ಗಲ್ಲದ ಕೆಳಗಿನಿಂದ ತಲೆಗೆ ಕಟ್ಟಿದ ಬಟ್ಟೆ. ಕಣ್ಣು ಮುಚ್ಚಿತ್ತು. ಮುಂದೇನು ಎಂದು ಗೊತ್ತಾಗದೆ ಉಮರ್‌ಗೆ ಫೋನು ಮಾಡಿದೆ.

"ಭಾಭಿ," ಅಂದ. "ನಿಮ್ಗೆ ಅವ್ನು ಹೇಳಿರ್ಲಿಲ್ವಾ? ಬಟ್ಟೆ, ಸುಕ್ಕು ಎಲ್ಲ ನಾನು ಹೇಳ್ಕೊಡ್ತೀನಿ, ಕಷ್ಟ ಇಲ್ಲ. ಕಣ್ಣು ಮಾತ್ರ ಹೊಸದಾಗಿ ಬರ್ಯೋಕಾಗಲ್ಲ. ಬದುಕಿರೋರ್ದು ಎತ್ತಿ ಕೂರಿಸ್ಬೇಕು. ‘ಕಣ್ಣು’ ಅಂತ ಫೋಲ್ಡರ್ ಐತೆ ನೋಡಿ. ಹೆಂಗಸ್ರು ಬೇರೆ, ಗಂಡಸ್ರು ಬೇರೆ."

ತೆರೆದೆ. ‘ಹೆಂಗಸರು’ ಎಂಬಲ್ಲಿ ಅರವತ್ತಕ್ಕೂ ಮೇಲೆ ಚಿತ್ರಗಳು. ಎಲ್ಲವೂ ನನ್ನ ಕಣ್ಣು.

ಭಾನುವಾರ ಬೆಳಿಗ್ಗೆ ನನ್ನನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ಹತ್ತಿರದಿಂದ ತೆಗೆಯುತ್ತಿದ್ದ. ಲೆನ್ಸು ಪರೀಕ್ಷೆ ಮಾಡ್ತೀನಿ ಅನ್ನುತ್ತಿದ್ದ. ಇಲ್ಲಿ ನೋಡು. ನಗಬೇಡ. ಯಾರನ್ನೂ ನೋಡದ ಹಾಗೆ ನೋಡು. ಆ ಬೆಳಗುಗಳು ನನಗೆ ಇಷ್ಟವಾಗಿದ್ದವು.

"ನನ್ನವು," ಅಂದೆ.

"ಹೌದು ಭಾಭಿ. ಬೆಳಕು ಚೆನ್ನಾಗಿ ಕೂರೋ ಕಣ್ಣು ಅಂತಿದ್ದ. ಶಿರಾ ಕಡೆ ಬೇಕಾದ್ರೆ ನಾನೂ ಅವನ್ ಹತ್ರಾನೇ ಇಸ್ಕೊಳ್ತಿದ್ದೆ. ಮಾಫ್ ಮಾಡಿ. ಎಡಗಣ್ಣಿನ ಬಿಳೀಲಿ ಒಂದು ಸಣ್ಣ ಚುಕ್ಕೆ ಐತಲ್ಲ ನಿಮ್ಗೆ, ಅದ್ನ ಅಳಿಸೋಣ ಅಂದೆ. ಬೇಡ, ಅದಿದ್ರೇನೇ ಬದುಕಿರೋ ಕಣ್ಣು ಅನ್ನಿಸ್ತದೆ ಅಂದ."

ಪಕ್ಕದಲ್ಲಿ ‘ಮುಗಿದದ್ದು’ ಎಂಬ ಫೋಲ್ಡರ್ ಇತ್ತು. ಒಂದೊಂದಾಗಿ ತೆರೆದೆ. ಮಧುಗಿರಿಯ ಒಬ್ಬ ಮುದುಕಿ. ಕೊರಟಗೆರೆಯ ಒಬ್ಬ ಹುಡುಗಿ, ನನ್ನ ವಯಸ್ಸಿನವಳು. ಶಿರಾ, ಮತ್ತೆ ಪಾವಗಡ. ಹಣೆ, ಮೂಗು, ತುಟಿ ಬೇರೆ ಬೇರೆ. ಎಲ್ಲರ ಎಡಗಣ್ಣಿನಲ್ಲೂ ಎಳ್ಳಿನಷ್ಟು ಕಂದು ಚುಕ್ಕೆ. ಎಲ್ಲರೂ, ಯಾರನ್ನೂ ನೋಡದ ಹಾಗೆ, ನನ್ನನ್ನು ನೋಡಿದರು.

ಗಂಡಸರಿಗೆ ಯಾರ ಕಣ್ಣೆಂದು ನಾನು ಕೇಳಲಿಲ್ಲ. ಹುಲಿಕುಂಟೆಯ ಅಡವಯ್ಯ ಎಂಬ ಹೆಸರಿನ ಚಿತ್ರ ತೆರೆದೆ. ರುಮಾಲು, ಬಿಳಿ ಮೀಸೆ, ಎಂಬತ್ತರ ಮುಖ. ಅದರೊಳಗಿಂದ ಪಾಲಾಕ್ಷ ನೋಡುತ್ತಿದ್ದ. ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದೆ. ಅಲ್ಲಿಗೂ ನೋಡಿದ.

"ಭಾಭಿ, ಲೈನಲ್ಲಿದ್ದೀರಾ?"

"ಇದ್ದೇನೆ. ಹೇಳು, ಮೊದಲು ಏನು ಮಾಡಬೇಕು?"

ಅವನು ಹೇಳುತ್ತಾ ಹೋದ. ನಾನು ಮಾಡುತ್ತಾ ಹೋದೆ. ತಲೆಗೆ ಕಟ್ಟಿದ ಬಟ್ಟೆ ಅಳಿಸಿದೆ. ನನ್ನ ಕಣ್ಣನ್ನು ಸುತ್ತಲೂ ಕತ್ತರಿಸಿ, ತಂದು, ರಾಮಾಂಜಿನಮ್ಮನವರ ರೆಪ್ಪೆಯ ಮೇಲೆ ಇಟ್ಟೆ. ಬಣ್ಣ ಸ್ವಲ್ಪ ಕಂದಿಸಿದೆ. ಅಂಚಿನಲ್ಲಿ ಸುಕ್ಕು ಎಳೆದೆ. ನನಗೆ ಏನೂ ಅನ್ನಿಸಲಿಲ್ಲ. ಎಂಟು ತಿಂಗಳಿನಿಂದ ಏನೂ ಅನ್ನಿಸಿಲ್ಲ. ಮುಗಿದಾಗ ಒಬ್ಬ ಬದುಕಿರುವ ಮುದುಕಿ ಕುರ್ಚಿಯ ಮೇಲೆ ಕೂತಿದ್ದಳು.

ಪ್ರಿಂಟರಿನ ಶಾಯಿ ಒಣಗಿ ಮೊದಲ ಹಾಳೆಯಲ್ಲಿ ಮುಖ ಹಸಿರಾಗಿ ಬಂತು. ಎರಡನೆಯದರಲ್ಲಿ ಅಡ್ಡ ಗೆರೆ. ಉಮರ್ ಹೇಳಿದಂತೆ ಸ್ವಚ್ಛ ಮಾಡಿದ ಮೇಲೆ ಮೂರನೆಯದು ಸರಿಯಾಯಿತು. ಅದನ್ನು ಹಿಡಿದು ಜಗಲಿಗೆ ಹೋದೆ.

ಗಂಗಯ್ಯ ಕೈ ಎರಡನ್ನೂ ಪಂಚೆಗೆ ಒರೆಸಿಕೊಂಡು ಫೋಟೋ ತೆಗೆದುಕೊಂಡರು. ತುಂಬ ಹೊತ್ತು ನೋಡಿದರು. ಅತ್ತೆಯೂ ಬಾಗಿಲಿಗೆ ಬಂದು ನಿಂತರು.

"ವೈನಾಗೈತೆ," ಅಂದರು ಗಂಗಯ್ಯ.

ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಮತ್ತೆ ಫೋಟೋ. ಮತ್ತೆ ನನ್ನ ಮುಖ.

"ಇದು ನೀನಲ್ವಾ ಪಾಪಾ?"

ನಾನು ಹೌದು ಅಂದೆ.

"ನಮ್ಮೋಳ್ದು ಬಲಗಣ್ಣು ವಾರೆ. ಒಲೆ ಮುಂದೆ ಕುಂತು ನನ್ನ ಬಯ್ತಿದ್ರೆ ಕಣ್ಣು ಬಾಗ್ಲು ಕಡೀಕಿರಾದು. ಯಾರೋ ಬಂದವ್ರೆ ಅಂತ ನಾನೂ ತಿರುಗಿ ನೋಡಾದು. ನಲವತ್ತೆಂಟು ವರ್ಷ ತಿರುಗಿ ನೋಡಿವ್ನಿ. ಒಂದ್ಸಲಾನೂ ಯಾರೂ ಬಂದಿರ್ಲಿಲ್ಲ." ನಕ್ಕರು. ನಗು ನಿಂತಿತು. "ಆ ಹುಡುಗಂಗೆ ಇದ್ನ ಹೇಳ್ಬೇಕಿತ್ತು. ಮುಚ್ಚಿದ್ ಕಣ್ಣು ನೋಡಿ ಅವ್ನಿಗೆಂಗೆ ತಿಳೀಬೇಕು?"

"ಕಣ್ಣು ವಾರೆ ಮಾಡಬಹುದು," ಅಂದೆ. "ಕಷ್ಟ ಇಲ್ಲ."

"ಮಾಡ್ಬೋದು. ಮಾಡಿದ್ರೂ ನಿನ್ ಕಣ್ಣೇ ಅಲ್ವಾ? ನಾಳಿದ್ದು ಇದ್ರ ಮುಂದೆ ಎಲೆ ಹಾಕಿ, ಅನ್ನ ಬಡಿಸಿ, ಉಣ್ಣು ಬಾರೆ ಅಂತೀನಿ. ಯಾರ್ನ ಕರ್ದಂಗಾಯ್ತು? ಬದುಕಿರೋರ ಕಣ್ಣಿಗೆ ಎಡೆ ಇಡಬಾರ್ದು ತಾಯೀ. ಬ್ಯಾಡ. ಇದ್ನ ಹರಿದಾಕು. ಕಣ್ಣು ಮುಚ್ಚಿರೋದೇ ಕೊಡು. ಮನಗಿರ್ಲಿ."

ಒಳಗೆ ಹೋಗಿ ಮುಚ್ಚಿದ ಕಣ್ಣಿನ ಚಿತ್ರ ತೆಗೆದುಕೊಟ್ಟೆ. ಗಲ್ಲದ ಬಟ್ಟೆ ಮಾತ್ರ ಅಳಿಸಿದ್ದೆ. ಅವರು ಅದನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಎಷ್ಟಾಯಿತು ಎಂದು ಕೇಳಿದರು. ಮಜ್ಜಿಗೆ ಕೊಟ್ಟಿದ್ದಿರಲ್ಲ ಎಂದೆ. ಗಾಳಿಗೆ ಬೆನ್ನು ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬೀದಿಯ ತಿರುವಿನಲ್ಲಿ ಒಮ್ಮೆ, ಯಾರೋ ಕರೆದ ಹಾಗೆ, ತಿರುಗಿ ನೋಡಿದರು. ನಮ್ಮ ಕಡೆಗಲ್ಲ.

ಅತ್ತೆ ಜಗಲಿಯ ಮೇಲೆ ಕೂತರು. ನನ್ನ ಕೈಯಲ್ಲಿದ್ದ ಹಾಳೆಯನ್ನು ಇಸಿದುಕೊಂಡು ನೋಡಿದರು.

"ಎಲ್ಲಾ ಹೆಂಗಸ್ರಿಗೂ ನಿಂದೇನಾ?"

"ನಾನು ನೋಡಿದಷ್ಟಕ್ಕೆಲ್ಲ."

"ಗಂಡಸ್ರಿಗೆ?"

"ಅವನದು."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಅಂಗಾದ್ರೆ ನನ್ ಮಗಂಗೆ ನಾನೊಬ್ಳೇ ಎಡೆ ಇಡ್ತಿಲ್ಲ ಅನ್ನು. ನಾಕು ತಾಲ್ಲೂಕ್ನಾಗೂ ಇಕ್ತಾವ್ರೆ." ಅವರ ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ಎಂಟು ತಿಂಗಳಲ್ಲಿ ನಾನು ಕೇಳಿರದ ದನಿ.

ಆಮೇಲೆ ಅವರಿಗೆ ಹೊಳೆಯಿತು. ನನ್ನ ಕಡೆ ನೋಡಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕಳೆದ ಮಹಾಲಯ ಅಮಾವಾಸ್ಯೆಗೆ ಪಾಲಾಕ್ಷ ಇನ್ನೂ ಇದ್ದ. ಅದಾಗಿ ತಿಂಗಳೊಪ್ಪತ್ತಿಗೆ ಹೋದ. ಊರೂರಲ್ಲಿ, ಗೋಡೆ ಗೋಡೆಯಲ್ಲಿ, ನಮ್ಮಿಬ್ಬರ ಕಣ್ಣಿನ ಮುಂದೆ ಅನ್ನ, ವಡೆ, ಪಾಯಸ ಬಡಿಸಿ, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಅವರೆಲ್ಲ ಹೊರಗೆ ಕಾದಿದ್ದಾರೆ. ಒಳಗೆ ನಾವಿಬ್ಬರೇ.

"ಹರಿದಾಕೇ ಅದ್ನ," ಅಂದರು ಅತ್ತೆ. "ಮುಂದಿನ ಅಮಾಸೆ ಒಳಗೆ ಆ ಮನೆಗಳ್ಗೆಲ್ಲ ಹೋಗಿ ಬರಾನ. ಇಬ್ರೂ. ಅವಂದು ಇರ್ಲಿ. ನಿಂದು ಇಸ್ಕೊಂಡು ಬರಾನ."

"ಏನಂತ ಕೇಳೋದು ಅತ್ತೆ?"

ಅತ್ತೆ ಹಾಳೆಯನ್ನು ತಾವೇ ಹರಿದರು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಕಣ್ಣಿರುವ ಚೂರು ಬಂದಾಗ ಅವರ ಕೈ ನಿಂತಿತು. ಅದನ್ನು ಹಾಗೇ ಹಿಡಿದುಕೊಂಡು, ಒಳಗೆ ಹೋಗಿ ಊಟ ಮಾಡು ಎಂದರು. ನನಗೆ ಹಸಿವಿಲ್ಲ ಎಂದೆ.