ಕೈದಿ ಹಲ್ಲಲ್ಲಿ ಕಚ್ಚಿದ್ದು

ನನ್ನಪ್ಪ ಓಡಿಹೋದವನೆಂದು ಮಸಗುಪ್ಪಿಯ ನಾಯಿನರಿಗೂ ಗೊತ್ತಿತ್ತು. ನಾನು ಅವ್ವನ ಹೊಟ್ಟೆಯಲ್ಲಿದ್ದಾಗ ಗೋಕಾಕದ ಹತ್ತಿರ ಹೊಳೆದಂಡೆಯಲ್ಲಿ ಯಾವುದೋ ಸಿನಿಮಾ ತೆಗೆದರಂತೆ. ಈಜಿನಲ್ಲಿ ಗಟ್ಟಿಗನಾದ ಅಪ್ಪ, ಮಾಲಿಂಗಪ್ಪ, ಹೀರೋನ ಬದಲು ನೀರಿಗೆ ಹಾರಲು ಹೋದವನು ಮನೆಗೆ ಬರಲಿಲ್ಲ. ಪಗಾರ ತೆಗೆದುಕೊಂಡು ಆಗಲೇ ಹೋದನೆಂದು ಸಿನಿಮಾದವರು ಕೈತೊಳೆದುಕೊಂಡರು. “ಗಂಡನ್ನ ಹಿಡಕೊಳ್ಳಾಕ ಬರಲಿಲ್ಲ ಇಕಿಗಿ” ಎಂದು ಅಪ್ಪನ ತಾಯಿ ಕೆಂಚವ್ವ ಸಾಯುವವರೆಗೂ ಅವ್ವನನ್ನು ಹುರಿದು ಮುಕ್ಕಿದಳು.

ಮೊನ್ನೆ ಬೆಳಗಾವಿಯಿಂದ ಸುಮನ್ ಎಂಬಾತ ಬಂದ. ಹಳೆ ಸಿನಿಮಾ ಕೂಡಿಹಾಕುವ ಹುಚ್ಚು ಅವನಿಗೆ. ಶೂಟಿಂಗ್ ಕಾಲದವರನ್ನು ಹುಡುಕುತ್ತಿದ್ದವನಿಗೆ ಊರವರು ನಮ್ಮ ಮನೆ ತೋರಿಸಿದ್ದರು. ಜೈಲಿನಿಂದ ಪಾರಾಗುವ ಕಥೆಯ ಆ ಕಪ್ಪುಬಿಳುಪು ಚಿತ್ರ ಅಂದು ಒಂದು ವಾರವೂ ಓಡಲಿಲ್ಲ, ನಮ್ಮ ಕಡೆ ಬರಲೂ ಇಲ್ಲ. ಈಗ ಇಂಥವರಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆಯಂತೆ.

“ಎಲ್ಲಾ ಈ ಒಂದು ಜಿಗಿತದ ಸಲುವಾಗಿರಿ, ಅಜ್ಜಿ,” ಎಂದು ಸುಮನ್ ಅವ್ವನ ಮುಂದೆ ಫೋನು ಹಿಡಿದ. “ಕೈದಿ ಹಲ್ಲಾಗ ಏನೋ ಕಚ್ಚ್ಯಾನ ನೋಡ್ರಿ. ಕಥಿಯೊಳಗ ಅದರ ಸುದ್ದಿನ ಇಲ್ಲ. ಜೈಲಿನ ಕೀಲಿ ಅಂತೀವಿ ನಾವು. ಆಮ್ಯಾಲೆ ಬರೇ ನೀರು ತೋರಿಸ್ಯಾರ, ಭಾಳ ಹೊತ್ತು. ಏನ್ ಕಲಾರಿ ಅದು!”

ಬಂಡೆಯ ಮೇಲೆ ಕೈದಿಯ ಅಂಗಿ ತೊಟ್ಟವನು ನಿಂತಿದ್ದ. ಮುಖ ಕಾಣದು. ಕೊರಳಿನಿಂದ ಏನನ್ನೋ ಎಳೆದು ಹಲ್ಲಲ್ಲಿ ಕಚ್ಚಿ ಹಾರಿದ.

ಅವ್ವ ಫೋನನ್ನು ಕಣ್ಣಿನ ಹತ್ತಿರ ಎಳೆದುಕೊಂಡಳು. “ಕೀಲಿ ಅಲ್ಲಪಾ ಅದು. ಕೊರಳಾಗ ಲಿಂಗ ಇಟ್ಕೊಳ್ಳೂ ಕರಡಗಿ. ಶಿವದಾರ ಹರದು ಹೊಳಿಪಾಲ ಆಗಬಾರ್ದಂತ, ಹಾರೂಮುಂದ ಹಿಂಗ ಕಚ್ಚತಿದ್ದ ನಮ್ಮಾಂವ.”

ನೀರು ಕಾಣುತ್ತಲೇ ಇತ್ತು. ಯಾರೂ ಏಳಲಿಲ್ಲ. ಆಮೇಲೆ ಹೀರೋ ದಡ ಹತ್ತಿ ನಕ್ಕ. ಅವನ ಕೊರಳು ಬರಿದಾಗಿತ್ತು.

“ಇಂವ ಬ್ಯಾರೇದಾಂವ. ನಮ್ಮಾಂವ ಮ್ಯಾಲೆ ಬಂದಿದ್ದು ತೋರಸು,” ಎಂದಳು ಅವ್ವ.

“ಅದು ಇಲ್ರಿ ಅಜ್ಜಿ.”

ನನಗೆ ಮೈಯೆಲ್ಲ ಉರಿಯಿತು. ಆ ನೀರನ್ನು ಕಣ್ಣಾರೆ ನೋಡುತ್ತ ನಿಂತವರೇ ಅಪ್ಪ ಪಗಾರ ತೆಗೆದುಕೊಂಡು ಹೋದನೆಂದಿದ್ದರು. ಸುಮನ್ ತಲೆ ಕೆರೆದುಕೊಂಡ.

“ಅಜ್ಜಿ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಕೀಲಿ ಅಂತನ ಇರ್ಲಿ. ಗೊತ್ತಾದ್ರ ಸಿನಿಮಾದ ಮಜಾನ ಹೋಗತೈತಿ.”

ಅವನ ಫೋನು ಕಿತ್ತು ಹೊಳೆಗೆ ಎಸೆಯಲೆಂದು ಕೈಚಾಚಿದೆ. ಅವ್ವ ತಡೆದಳು.

“ಹೇಳೂದಿಲ್ಲ ತಗೋ. ಓಡಿಹೋದ ಅಂತ ನನ್ನ ಮಾರಿಗಿ ಉಗುಳಿದಾವ್ರು ಒಬ್ಬರರ ಬದಕ್ಯಾರೇನು, ಹೇಳಾಕ?”